ಜೋಲು ತಂತಿ

ಬೆಂಗಳೂರು
11-6-1985

ಅವ್ವ,

ಕಾಗದದಲ್ಲಿ ಮೊದಲು ‘ನಾನು ಕ್ಷೇಮ’ ಎಂದು ಬರೆಯಬೇಕಂತೆ, ಹಾಸ್ಟೆಲಿನ ಹುಡುಗಿಯರು ಹೇಳಿದರು. ಮೂರು ದಿನದಿಂದ ಹೊಟ್ಟೆ ಕೆಟ್ಟಿದೆ, ಅದಕ್ಕೇ ಬರೆಯುವುದಿಲ್ಲ. ಹೊಟ್ಟೆ ಬಿಟ್ಟು ಮಿಕ್ಕದ್ದೆಲ್ಲ ಸರಿಯಾಗಿದೆ.

ನಾವು ಇಲ್ಲಿ ಏನು ಮಾಡುತ್ತೇವೆ ಎಂದು ಊರಿನವರು ಕೇಳುತ್ತಾರೆ ಅಂದಿದ್ದೆಯಲ್ಲ. ರೇಡಿಯೋ ಅಲ್ಲ, ಟಿ.ವಿ.ಯೂ ಅಲ್ಲ. ಕಂಪ್ಯೂಟರಿನ ನೆನಪು. ಒಂದು ಮೊಳ ಅಗಲದ ಹಲಗೆ. ಅದರ ಮುಂದುಗಡೆ ಕಾರ್ಡುಗಳು ಸಾಲಾಗಿ ನಿಂತಿರುತ್ತವೆ, ಒಂದೊಂದರ ಮೇಲೂ ಜಿರಳೆಯಂಥ ಕಪ್ಪು ಚಿಪ್‌ಗಳು. ಕೊಟ್ಟ ಲೆಕ್ಕವನ್ನು ಹಿಡಿದಿಟ್ಟುಕೊಂಡು ಕೇಳಿದಾಗ ವಾಪಸು ಕೊಡುವುದು ಆ ಚಿಪ್‌ಗಳ ಕೆಲಸ. ಹಲಗೆಯ ಬೆನ್ನಿನಲ್ಲಿ ಮುಳ್ಳುಹಂದಿಯ ಹಾಗೆ ಪಿನ್ನುಗಳು. ಒಂದು ಪಿನ್ನಿನಿಂದ ಇನ್ನೊಂದಕ್ಕೆ ಕೂದಲೆಳೆಯಂಥ ತಂತಿ ಸುತ್ತುವುದು ನಮ್ಮ ಕೆಲಸ. ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ. ನನಗೆ ಒಂದು ಕಡೆ ಕೂತು ಅಭ್ಯಾಸವಿಲ್ಲ, ಮಧ್ಯೆ ಮಧ್ಯೆ ಎದ್ದು ಓಡಾಡಿ ಬೈಸಿಕೊಳ್ಳುತ್ತೇನೆ.

ಹೇಳಿಕೊಡುವವರು ಬೆಟ್ಟಸ್ವಾಮಿ ಅಂತ, ತಿಪಟೂರಿನವರೇ, ಕೊಬ್ಬರಿ ಮಂಡಿಯ ಸದಾಶಿವಯ್ಯನವರ ಮಗ, ಇಂಜಿನಿಯರ್. ನಮ್ಮ ಕಡೆಯ ಹುಡುಗಿಯರನ್ನೇ ಆರಿಸಿ ಕರೆತಂದಿದ್ದಾರೆ. ಮುಂದೆ ತಿಪಟೂರಿನಲ್ಲಿ ಅಪ್ಪನ ಹಳೆಯ ಗೋಡೌನಿನಲ್ಲೇ ಶೆಡ್ ಹಾಕುತ್ತಾರಂತೆ.

ಯಾವ ತಂತಿ ಎಷ್ಟು ಉದ್ದ ಇರಬೇಕು ಎನ್ನುವುದಕ್ಕೆ ಒಂದು ಕಾರಣವಿದೆ. ನನಗೆ ತಲೆಗೆ ಹತ್ತಲು ವಾರ ಬೇಕಾಯಿತು. ನಾಲ್ಕನೇ ಕ್ಲಾಸಿನವಳಿಗೆ ಅದನ್ನು ಬರೆದು ಪ್ರಯೋಜನವಿಲ್ಲ, ಬಿಟ್ಟಿದ್ದೇನೆ.

ನಿನ್ನ ಮಗಳು
ಗಿರಿಜಾಂಬಿಕಾ


ಹೊನ್ನವಳ್ಳಿ
24-6-1985

ಗಿರಿಜಾ,

ನಾಲ್ಕನೇ ಕ್ಲಾಸಿನವಳ ಆಶೀರ್ವಾದ. ನಿನ್ನ ಕಾಗದವನ್ನು ಯಾರ ಕೈಲೂ ಓದಿಸಲಿಲ್ಲ, ನಾನೇ ಓದಿದೆ. ಮೆಂತ್ಯ ಮಜ್ಜಿಗೆಯಲ್ಲಿ ನೆನೆಹಾಕಿ ನುಂಗು, ಹೊಟ್ಟೆ ನಿಲ್ಲುತ್ತದೆ.

ನೀನು ಹತ್ತನೆಯದು ಮುಗಿಸಿದ್ದರೆ ಇವತ್ತು ತಂತಿ ಸುತ್ತುವ ಗತಿ ಬರುತ್ತಿರಲಿಲ್ಲ. ಮೇಷ್ಟ್ರಿಗೆ ನಾನು ಒಂದು ಚೀಲ ಕಾಯಿ ಕಳಿಸಿದ್ದು ನಿನ್ನ ಒಳ್ಳೆಯದಕ್ಕೆ. ಅವರು ಪಾಪ ನಾಲ್ಕು ಅಂಕ ಹೆಚ್ಚಿಗೆ ಹಾಕಿದರು. ನೀನು ಕ್ಲಾಸಿನಲ್ಲಿ ಎದ್ದು ನಿಂತು, ‘ಈ ಅಂಕ ನಂದಲ್ಲ ಸಾರ್, ನಮ್ಮವ್ವ ಕಳಿಸಿದ ಕಾಯಿದು, ವಾಪಸ್ ತಗೊಳಿ’ ಅಂದೆ. ಅವರು ಹೊಡೆದರು, ನೀನು ಸ್ಕೂಲು ಬಿಟ್ಟೆ. ನಿನಗೇನು, ಬೆಂಗಳೂರಿಗೆ ಹೋದೆ. ನಾನು ಇವತ್ತಿಗೂ ಆ ಸ್ಕೂಲಿನ ಮುಂದೆಯೇ ನೀರಿಗೆ ಹೋಗಬೇಕು.

ಇಲ್ಲಿ ನಿಮ್ಮ ದೊಡ್ಡಮ್ಮ ಮುದ್ದೆ ಇಡುವಾಗ ನನ್ನ ಮುಖ ನೋಡಿಕೊಂಡೇ ಇಡುತ್ತಾಳೆ. ನಿಮ್ಮಪ್ಪ ಸತ್ತ ಮನೆಯಲ್ಲಿ ನಾನು ತಿನ್ನುವುದು ಹಂಗಿನ ಅನ್ನ. ನಾರಿನ ಸಂಘದಲ್ಲಿ ಹಗ್ಗ ಹೊಸೆದದ್ದು ಎಲೆ ಅಡಿಕೆಗೂ ಆಗುವುದಿಲ್ಲ. ಆ ಬೆಟ್ಟಸ್ವಾಮಿ ಶೆಡ್ ಹಾಕುವುದು ನಿಜವಾದರೆ ನನ್ನನ್ನೂ ಸೇರಿಸಿಕೊಳ್ಳಲು ಕೇಳು. ಹಗ್ಗವೂ ತಂತಿಯೇ. ನಲವತ್ತು ದಾಟಿದೆ ಎಂದು ಹೇಳಬೇಡ, ಮೂವತ್ತಾರು ಅನ್ನು. ನೀನು ಹೇಳುವುದಿಲ್ಲ ಎಂದು ಗೊತ್ತು, ಆದರೂ ಬರೆದಿದ್ದೇನೆ.

ಸಿದ್ದಗಂಗಮ್ಮ


ತಿಪಟೂರು
2-9-1985

ಅವ್ವ,

ಶೆಡ್ ಶುರುವಾಯಿತು. ಸಿಮೆಂಟ್ ಶೀಟಿನ ಮಾಡು, ಗೋಡೆಗೆಲ್ಲ ಇನ್ನೂ ಕೊಬ್ಬರಿ ವಾಸನೆ. ನಿನ್ನ ವಿಷಯ ಕೇಳಿದೆ. ವಯಸ್ಸು ನಲವತ್ತೆರಡು ಎಂದೇ ಹೇಳಿದೆ. ಕೈ ಹೇಗೆ ಎಂದು ಕೇಳಿದರು. ನಮ್ಮವ್ವನ ಕೈ ಇಡೀ ಹೊನ್ನವಳ್ಳಿಯಲ್ಲೇ ಅಚ್ಚುಕಟ್ಟು, ಆದರೆ ಯಾರು ಹೇಳಿದ ಮಾತನ್ನೂ ಕೇಳುವುದಿಲ್ಲ ಎಂದೆ. ನಕ್ಕರು. ‘ಕೈ ಇದ್ರೆ ಸಾಕು, ಬರ್ಲಿ ಬುಡು’ ಅಂದರು.

ಸ್ಟೇಷನ್ನಿನ ಹಿಂದೆ ಒಂದು ರೂಮು ನೋಡಿದ್ದೇನೆ. ಬಚ್ಚಲು ಹೊರಗೆ, ಆದರೆ ಒಲೆ ನಮ್ಮದೇ. ಯಾರ ಮುಖವನ್ನೂ ನೋಡದೆ ಉಣ್ಣಬಹುದು. ಬಂದುಬಿಡು. ದೊಡ್ಡಮ್ಮನಿಗೆ ಹೇಳಿಯೇ ಬಾ, ಕದ್ದು ಬರಬೇಡ.

ಗಿರಿಜಾ


ತಿಪಟೂರು
8-3-1987

ಅವ್ವ,

ನೀನು ತುರುವೇಕೆರೆಯಲ್ಲಿ ಮರುಳಸಿದ್ದಯ್ಯ ಮಾವನ ಮನೆಯಲ್ಲಿದ್ದೀಯ ಎಂದು ಬಸ್ಸಿನ ಏಜೆಂಟು ಹೇಳಿದ್ದಕ್ಕೆ ಗೊತ್ತಾಯಿತು. ಒಂದೂವರೆ ವರ್ಷ ಒಂದೇ ಚಾಪೆಯ ಮೇಲೆ ಮಲಗಿದೆವು. ಹೋಗುವಾಗ ಬೀಗದ ಕೈ ಪಕ್ಕದ ಮನೆಯಲ್ಲಿ ಕೊಟ್ಟು, ನನಗೆ ಒಂದು ಮಾತೂ ಹೇಳದೆ ಹೋದೆ. ಸಾರು ಮಾಡಿಟ್ಟು ಹೋಗಿದ್ದೆ. ಅದನ್ನು ಉಂಡೆ, ಹಸಿವಾಗಿತ್ತು.

ಆವತ್ತು ನಡೆದದ್ದನ್ನು ಬರೆಯುತ್ತೇನೆ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದು.

ನಮ್ಮಿಂದ ಕೊಳ್ಳುವ ಬೆಂಗಳೂರಿನ ಸಂಸ್ಥೆಯವರು ಹಲಗೆಗಳನ್ನು ವಾಪಸು ಕಳಿಸಿದ್ದರು. ಇಟ್ಟ ಅಂಕಿ ಒಂದು, ಕೊಡುವ ಅಂಕಿ ಇನ್ನೊಂದು ಎಂದು ದೂರು. ಬೆಟ್ಟಸ್ವಾಮಿ ಒಂದು ಹಲಗೆ ಮಗುಚಿ ನೋಡಿದರು. ಜೋಲು ಬಿಟ್ಟಿರಬೇಕಾದ ತಂತಿಗಳೆಲ್ಲ ತಂಬೂರಿಯ ತಂತಿಯ ಹಾಗೆ ಬಿಗಿಯಾಗಿದ್ದವು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು.

‘ಇದು ಯಾರ ಕೈದು? ಹೇಳ್ರಮ್ಮ, ಯಾರನ್ನೂ ತಿಂದಾಕಲ್ಲ ನಾನು.’

ನಿನ್ನ ಕೈಯೆಂದು ಎಲ್ಲರಿಗೂ ಗೊತ್ತಿತ್ತು. ನೀನೂ ಸುಮ್ಮನಿದ್ದೆ. ಅವರು ನನ್ನ ಕಡೆ ತಿರುಗಿದರು. ‘ನಮ್ಮವ್ವಂದು ಸಾರ್’ ಅಂದೆ.

ಆಗ ನೀನು, ಹಗ್ಗದಲ್ಲಿ ಒಂದೆಳೆ ಜೋಲಾದರೆ ಭಾರವೆಲ್ಲ ಮಿಕ್ಕ ಎಳೆಗಳ ಮೇಲೆ ಬಿದ್ದು ಹರಿಯುತ್ತದೆ, ಅದಕ್ಕೇ ಜೋಲು ಕಂಡಲ್ಲಿ ಎಳೆದು ಹೆಚ್ಚಿನದನ್ನು ಕತ್ತರಿಸಿದೆ ಅಂದೆ. ಅವರು, ‘ಎಮ್ಮೆ ಕಟ್ಟೋ ಹಗ್ಗ ಅಲ್ಲ ಕಣ್ರೀ ಇದು’ ಅಂದರು. ಎಲ್ಲರೂ ನಕ್ಕರು, ತಂತಿ ಕತ್ತರಿಸಿಕೊಡುವ ಲಕ್ಷ್ಮಿದೇವಮ್ಮ ಎಲ್ಲರಿಗಿಂತ ಜೋರಾಗಿ. ಬೆಟ್ಟಸ್ವಾಮಿ ನಿನ್ನ ಸಾಲಿನ ತಂತಿಗಳನ್ನು ಕಚಕಚ ಕತ್ತರಿಸಿ, ಅದನ್ನು ನಿನ್ನ ಮಡಿಲಿಗೆ ಹಾಕಿ, ‘ತಗೊಂಡೋಗಿ, ಎಮ್ಮೆಗೆ ಮೂಗುದಾರ ಮಾಡಿ’ ಅಂದರು. ನೀನು ಅದನ್ನು ಸೆರಗಿನಲ್ಲೇ ಹಿಡಿದುಕೊಂಡು ಬಾಗಿಲು ದಾಟಿದೆ.

ಆ ಜೋಲು ಯಾತಕ್ಕೆ ಎಂದು ನಿನಗೆ ಯಾರೂ ಹೇಳಿರಲಿಲ್ಲ. ಈಗ ನಾನು ಹೇಳುತ್ತೇನೆ.

ಲಾರಿಗೆ ಕಾಯಿ ತುಂಬುವುದನ್ನು ನೋಡಿದ್ದೀಯ. ಸಾಲಾಗಿ ಜನ ನಿಂತು ಕೈಯಿಂದ ಕೈಗೆ ಎಸೆಯುತ್ತಾರೆ. ಅವರಿಗೆಲ್ಲ ಕಣ್ಣು ಕಟ್ಟಿದೆ ಅಂದುಕೋ. ಮೇಸ್ತ್ರಿ ‘ಹಿಡಿ’ ಎಂದು ಕೂಗುತ್ತಾನೆ, ಕೂಗು ಕೇಳಿದ ತಕ್ಷಣ ಮುಷ್ಟಿ ಮುಚ್ಚಬೇಕು. ಕೂಗು ಮುಂಚೆ ಬಂದರೆ ಕೈ ಖಾಲಿ. ತಡವಾದರೆ ಕಾಯಿ ಕಾಲಿನ ಮೇಲೆ. ನಮ್ಮ ಹಲಗೆಯಲ್ಲಿ ಅಂಕಿಗಳೇ ಕಾಯಿ. ‘ಹಿಡಿ’ ಎನ್ನುವ ಕೂಗು ಬೇರೆ ತಂತಿಗಳಲ್ಲಿ ಹೋಗುತ್ತದೆ. ಮೇಸ್ತ್ರಿಯ ಪಕ್ಕದ ಕಾರ್ಡಿಗೆ ಅದು ಬೇಗ ಮುಟ್ಟುತ್ತದೆ, ಕೊನೆಯ ಕಾರ್ಡಿಗೆ ತಡ. ಎಲ್ಲರಿಗೂ ಒಂದೇ ಸಲಕ್ಕೆ ಕೇಳಬೇಕು. ದೂರದವನನ್ನು ಹತ್ತಿರ ತರಲಾಗುವುದಿಲ್ಲ. ಅದಕ್ಕೇ ಹತ್ತಿರದವನ ತಂತಿಯನ್ನು ಬೇಕೆಂದೇ ಉದ್ದ ಬಿಟ್ಟು ಬಳಸಿ ತರುತ್ತಾರೆ. ಕೂಗು ಅಷ್ಟು ದೂರ ಸುತ್ತಿಕೊಂಡು ಬರಲಿ ಎಂದು. ನೀನು ಎಳೆದದ್ದು ಆ ದಾರಿಯನ್ನು. ರೆಪ್ಪೆ ಬಡಿಯುವ ಹೊತ್ತನ್ನು ಕೋಟಿ ಪಾಲು ಮಾಡಿದರೆ ಒಂದು ಪಾಲೂ ಆಗದಷ್ಟು ವ್ಯತ್ಯಾಸ ಅದು, ಆದರೆ ಆ ಯಂತ್ರಕ್ಕೆ ಅದು ಸಾಕು. ಹಗ್ಗದಲ್ಲಿ ಜೋಲು ಅಂದರೆ ತಪ್ಪು. ಇಲ್ಲಿ ಅದೇ ಅಳತೆ.

ಕೆಲಸ ಹೋದರೆ ಹೋಯಿತು. ನನ್ನ ಸಂಬಳದಲ್ಲಿ ಇಬ್ಬರೂ ಉಣ್ಣಬಹುದು. ವಾಪಸು ಬಾ.

ಗಿರಿಜಾ


ತುರುವೇಕೆರೆ
30-3-1987

ಗಿರಿಜಾ,

ಪಾಠ ಚೆನ್ನಾಗಿ ಬರೆದಿದ್ದೀಯ. ನಾಲ್ಕನೇ ಕ್ಲಾಸಿನವಳಿಗೂ ಒಂದೇ ಸಲಕ್ಕೆ ಅರ್ಥವಾಯಿತು. ಇಷ್ಟು ಸುಲಭವಾಗಿದ್ದನ್ನು ಬೆಂಗಳೂರಿನಿಂದಲೇ ಬರೆದಿದ್ದರೆ ನಿನ್ನ ಕೈ ಸವೆಯುತ್ತಿತ್ತೇ? ಬರೆದು ಪ್ರಯೋಜನವಿಲ್ಲ ಅಂದೆ. ಒಂದೂವರೆ ವರ್ಷ ಪಕ್ಕದಲ್ಲೇ ಮಲಗಿದ್ದೆ, ಆಗಲೂ ಹೇಳಲಿಲ್ಲ.

ತಿದ್ದು ಅಂದೆಯಲ್ಲ, ತಿದ್ದುತ್ತೇನೆ. ಸಂಕ್ರಾಂತಿಗೆ ಮುಂಚೆ ಸೂಟು ಹಾಕಿಕೊಂಡವರು ಶೆಡ್ ನೋಡಲು ಬಂದಿದ್ದರು. ಬೆಟ್ಟಸ್ವಾಮಿ ನನ್ನ ಹಲಗೆಯನ್ನೇ ಎತ್ತಿ ಹಿಡಿದು, ‘ನಮ್ಮ ಸಿದ್ದಗಂಗಮ್ಮನ ಕೈ ನೋಡಿ ಸಾರ್, ಒಂದು ತಂತಿ ಅತ್ತಿತ್ತ ಇಲ್ಲ’ ಅಂದರು. ನೀನು ಅಲ್ಲೇ ನಿಂತಿದ್ದೆ. ನಾನು ಎಳೆದದ್ದು ಆಗ ಅವರ ಕಣ್ಣಿಗೆ ಬೀಳಲಿಲ್ಲವೇ? ಸಾಲಿನಲ್ಲಿ ನಿಂತು ನನ್ನ ಹೆಸರು ಹೇಳಿದವಳಿಗೆ ಇದನ್ನೂ ಹೇಳಲು ಬಾಯಿ ಇರಲಿಲ್ಲವೇ? ನಿನ್ನ ಸತ್ಯಕ್ಕೆ ತಾಯಿಯ ತಪ್ಪು ಮಾತ್ರ ಕಾಣುತ್ತದೆ.

ಮಾವನ ಮನೆಯಲ್ಲಿ ಹೇಗಿದ್ದೀಯ ಎಂದು ನೀನು ಕೇಳಲಿಲ್ಲ, ನಾನೇ ಹೇಳುತ್ತೇನೆ. ಮರುಳಸಿದ್ದಯ್ಯ ನನ್ನ ತಮ್ಮನೇ, ಆದರೆ ಮನೆ ಅವನ ಹೆಂಡತಿಯದು. ವಿಮಲಮ್ಮ ನನಗೆ ಒಳಗಿನ ಕೆಲಸ ಕೊಡುವುದಿಲ್ಲ, ಕೊಟ್ಟಿಗೆಯದು ಕೊಡುತ್ತಾಳೆ. ಬಂದವರಿಗೆಲ್ಲ, ‘ನಮ್ಮ ಅತ್ತಿಗೆ ಕಂಪ್ಯೂಟ್ರು ಕೆಡಿಸಿ ಬಂದವ್ರೆ, ಎಮ್ಮೆ ಕೆಡಿಸದಿದ್ರೆ ಸಾಕು’ ಅನ್ನುತ್ತಾಳೆ. ಎಮ್ಮೆಯ ಮಾತು ಇಲ್ಲಿಯವರೆಗೂ ಬಂದಿದೆ ನೋಡು, ನನಗಿಂತ ಮುಂಚೆ.

ನಿನ್ನ ಸಂಬಳದ ಅನ್ನ ಬೇಡ. ಅದೂ ಹಂಗೇ. ನನಗೆ ಶೆಡ್ಡಿನಲ್ಲಿ ನನ್ನ ಸ್ಟೂಲು ಬೇಕು. ಬೆಟ್ಟಸ್ವಾಮಿಯ ಹತ್ತಿರ ಹೋಗಿ ಒಂದೇ ಮಾತು ಹೇಳು. ಲಕ್ಷ್ಮಿದೇವಮ್ಮ ತಂತಿಯನ್ನು ಗಿಡ್ಡವಾಗಿ ಕತ್ತರಿಸಿ ಕೊಟ್ಟಿದ್ದಳು, ನಮ್ಮವ್ವ ಭಯಕ್ಕೆ ಒಪ್ಪಿಕೊಂಡಳು, ಅನ್ನು. ಅವಳಿಗೆ ಗಂಡ ಇದ್ದಾನೆ, ಕೆಲಸ ಹೋದರೆ ಸಾಯುವುದಿಲ್ಲ. ನೀನು ಸುಳ್ಳು ಹೇಳುವವಳಲ್ಲ ಎಂದು ಎಲ್ಲರಿಗೂ ಗೊತ್ತು, ನೀನು ಹೇಳಿದರೆ ನಂಬುತ್ತಾರೆ. ಹೇಳಿದ ದಿನ ನಾನು ಬರುತ್ತೇನೆ. ಹೇಳದಿದ್ದರೆ ಬರೆಯಬೇಡ.

ಸಿದ್ದಗಂಗಮ್ಮ


ತಿಪಟೂರು
6-4-1987

ಅವ್ವ,

ಹೇಳುವುದಿಲ್ಲ. ಲಕ್ಷ್ಮಿದೇವಮ್ಮ ನಿನ್ನನ್ನು ನೋಡಿ ನಕ್ಕದ್ದಕ್ಕೆ ನನಗೂ ಅವಳ ಮೇಲೆ ಸಿಟ್ಟಿದೆ, ಮಾತು ಬಿಟ್ಟಿದ್ದೇನೆ. ಆದರೆ ತಂತಿಯನ್ನು ಸರಿಯಾಗಿಯೇ ಕತ್ತರಿಸಿದ್ದಳು.

ಸೂಟಿನವರ ಮುಂದೆ ನಿನ್ನನ್ನು ಹೊಗಳಿದ್ದು ನಿಜ. ಅದು ನನಗೆ ಆವತ್ತು ನೆನಪಿಗೇ ಬರಲಿಲ್ಲ. ಬರಬೇಕಿತ್ತು. ಇವತ್ತು ಬೆಟ್ಟಸ್ವಾಮಿಯವರಿಗೆ ಎಲ್ಲರ ಮುಂದೆಯೇ ಅದನ್ನು ಹೇಳಿದೆ. ‘ಹೌದಾ?’ ಅಂದು ಟೀ ಕುಡಿದರು.

ಬರೆಯಬೇಡ ಅಂದಿದ್ದೀಯ. ಬರೆಯುತ್ತೇನೆ.

ಗಿರಿಜಾ


ತಿಪಟೂರು
10-5-1987

ಅವ್ವ,

ಹೋದ ಕಾಗದಕ್ಕೆ ಉತ್ತರವಿಲ್ಲ. ಹೊಸ ವಿಷಯವಿದೆ, ಅದು ನಿನಗೆ ಸೇರಿದ್ದು, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಸಾಲುಗಳನ್ನೆಲ್ಲ ನಾನೇ ಮತ್ತೆ ಸುತ್ತಿದೆ. ಆಮೇಲೆ ನನ್ನನ್ನು ಪರೀಕ್ಷೆಯ ಯಂತ್ರಕ್ಕೆ ಕೂರಿಸಿದರು. ಅದು ಹಲಗೆಯ ಒಳಗೆ ಅಂಕಿ ಇಟ್ಟು, ವಾಪಸು ಕೇಳಿ, ತಪ್ಪಿದರೆ ಕೆಂಪು ದೀಪ ಹಚ್ಚುತ್ತದೆ. ಬೆಳಿಗ್ಗೆಯೆಲ್ಲ ಒಂದು ಕೆಂಪೂ ಇಲ್ಲ. ಮಧ್ಯಾಹ್ನ ಶೀಟು ಕಾದು ನೆತ್ತಿ ಸುಡುವಾಗ ಕೆಂಪೋ ಕೆಂಪು. ನಾನು ಸುತ್ತಿದವೂ ಹಾಗೆಯೇ. ನೀನು ಮುಟ್ಟದೇ ಇದ್ದವೂ ಹಾಗೆಯೇ. ವಾಪಸು ಬಂದ ರಾಶಿಯನ್ನು ಕೆದಕಿ ನೋಡಿದೆ, ಅದರಲ್ಲಿ ನಿನ್ನ ಕೈಯಿಲ್ಲದ ಹಲಗೆಗಳೂ ಇದ್ದವು.

ತಂತಿಯಲ್ಲಿ ತಪ್ಪಿಲ್ಲ. ಚಿಪ್ ಬೇರೆ ಬಂದಿದೆ. ಮೇಲಿನ ನಂಬರು ನೋಡಿದೆ, ಬೆಂಗಳೂರಿನಲ್ಲಿ ನಾವು ಕಲಿತಾಗ ಇದ್ದದ್ದಲ್ಲ. ಇವು ನಿಧಾನದವು, ಬಿಸಿಯಾದರೆ ಇನ್ನೂ ನಿಧಾನ. ಕೂಗು ಹೊತ್ತಿಗೆ ಸರಿಯಾಗಿ ಬರುತ್ತದೆ, ಕಾಯಿಯೇ ತಡ. ಸರಿಯಾದ ಚಿಪ್ ಸಿಗಲು ವರ್ಷ ಕಾಯಬೇಕು ಎಂದು ಬೆಟ್ಟಸ್ವಾಮಿ ಸಿಕ್ಕಿದ್ದನ್ನು ತಂದಿದ್ದಾರೆ.

ಊಟದ ಹೊತ್ತಿನಲ್ಲಿ ಎಲ್ಲರೂ ಇದ್ದಾಗ ಹೇಳಿದೆ. ಅವರಿಗೆ ಕೋಪ ಬರಲಿಲ್ಲ. ಇನ್ನು ಮೇಲೆ ಬೆಳಿಗ್ಗೆ ಹೊತ್ತು ಮಾತ್ರ ಟೆಸ್ಟ್ ಮಾಡು, ಮಧ್ಯಾಹ್ನ ನಿನಗೆ ರೆಸ್ಟು ಅಂದರು. ಗಿರಾಕಿಗಳ ಹತ್ತಿರ ಎ.ಸಿ. ರೂಮು ಇರುತ್ತದಂತೆ. ಹಾಗಾದರೆ ಹಲಗೆಗಳು ವಾಪಸು ಯಾಕೆ ಬಂದವು ಎಂದು ಕೇಳಿದೆ.

‘ನಿಮ್ಮವ್ವನ ದೆಸೆಯಿಂದ. ನೀನೇ ತಾನೆ ಹೇಳಿದ್ದು?’

ನಾನು ಹೇಳಿದ್ದು ನಿಜ, ಆದರೆ ನಿಜ ಅಷ್ಟೇ ಅಲ್ಲ ಎಂದೆ. ಬೆಂಗಳೂರಿನವರಿಗೂ ಇದು ಗೊತ್ತಾಗಬೇಕು ಅಂದೆ. ಅವರು ಊಟದ ಡಬ್ಬಿ ಮುಚ್ಚಿದರು. ಆಮೇಲೆ ಮೆತ್ತಗೆ ನಿನ್ನ ವಿಳಾಸ ಕೇಳಿದರು. ಕೊಟ್ಟೆ. ನಿನಗೆ ಆದ ಅನ್ಯಾಯ ಅವರಿಗೂ ಗೊತ್ತಾಗಿರಬೇಕು, ಕರೆಯಲು ಬರುತ್ತಾರೆ ಅನ್ನಿಸುತ್ತದೆ. ಬಂದರೆ ಬಿಗಿ ಮಾಡಬೇಡ, ಹೊರಡು.

ಗಿರಿಜಾ


ತುರುವೇಕೆರೆ
28-5-1987

ಚಿರಂಜೀವಿ ಗಿರಿಜಾಳಿಗೆ,

ನಿನ್ನ ಬೆಟ್ಟಸ್ವಾಮಿ ಬಂದಿದ್ದರು. ಜಗಲಿಯ ಮೇಲೆ ಕೂತು ಎರಡು ಲೋಟ ಮಜ್ಜಿಗೆ ಕುಡಿದರು. ಎಲ್ಲರ ಎದುರು ನನ್ನನ್ನು ‘ಅಮ್ಮಾ’ ಅಂದರು. ವಿಮಲಮ್ಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು, ಇವತ್ತು ಒಳಗೆ ಕರೆದು ರೊಟ್ಟಿಗೆ ತುಪ್ಪ ಹಾಕಿದ್ದಾಳೆ.

ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ನೇರ ಶೆಡ್ಡಿಗೇ. ನೀನು ಅಲ್ಲೇ ಇರು. ಹುರಿಗಾಳು ಇಷ್ಟ ಎಂದು ಹುರಿದಿಟ್ಟಿದ್ದೇನೆ. ತಲೆಗೆ ಎಣ್ಣೆ ಹಾಕಿಕೊಂಡು ಎಷ್ಟು ದಿನವಾಯಿತೋ ನಿನಗೆ.

ಅವ್ವ


ತಿಪಟೂರು
9-8-1987

ಗಿರಿಜಾ,

ನೀನು ಚಿಕ್ಕನಾಯಕನಹಳ್ಳಿಯಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವ ಕೆಂಚಯ್ಯನ ಅಂಗಡಿಯಲ್ಲಿ ತಂತಿ ಸುತ್ತುತ್ತಿದ್ದೀಯ, ಅವನ ತಾಯಿ ಭೈರಮ್ಮನ ಜೊತೆ ಮಲಗುತ್ತೀಯ ಎಂದು ಕೇಳಿದೆ. ಒಳ್ಳೆಯ ಮುದುಕಿ ಅನ್ನುತ್ತಾರೆ. ಎರಡು ತಿಂಗಳಾಯಿತು, ನೀನು ಬರೆದಿಲ್ಲ. ಅದಕ್ಕೆ ನಾನು ಬರೆಯುತ್ತಿದ್ದೇನೆ.

ಆ ಸೋಮವಾರದ್ದನ್ನು ನೀನಾಗಿದ್ದರೆ ಒಂದೂ ಬಿಡದೆ ಬರೆಯುತ್ತಿದ್ದೆ. ನಾನೂ ಬಿಡುವುದಿಲ್ಲ. ಅದೇ ಹೆಂಗಸರ ಮುಂದೆ ನಿಂತು, ‘ಜೋಲು ಎಳಿ ಅಂತ ನಂಗೆ ಹೇಳ್ಕೊಟ್ಟೋಳೇ ನನ್ ಮಗಳು. ಟ್ರೈನಿಂಗ್ ಆದೋಳು ಅಂತ ನಂಬ್ದೆ. ಆಮ್ಯಾಕೆ ನನ್ ತಲೆ ಮ್ಯಾಲೆ ಹಾಕಿದ್ಲು’ ಅಂದೆ. ನಿನ್ನ ಚಿಪ್‌ಗಳ ಮಾತನ್ನು ಇನ್ನು ಯಾರೂ ನಂಬಬಾರದೆಂದು ಬೆಟ್ಟಸ್ವಾಮಿ ಜಗಲಿಯ ಮೇಲೆ ಹೇಳಿಕೊಟ್ಟ ಮಾತು. ಆದರೆ ಅವರು ಹೇಳಿಕೊಟ್ಟಿದ್ದಕ್ಕಿಂತ ನಾನು ಚೆನ್ನಾಗಿ ಹೇಳಿದೆ. ಅಳುವನ್ನು ಅವರು ಹೇಳಿಕೊಟ್ಟಿರಲಿಲ್ಲ. ನಿನ್ನನ್ನು ಕೇಳಿದರು, ನೀನು ‘ಇಲ್ಲ’ ಅಂದೆ. ಒಂದೇ ಸಲ ಅಂದೆ. ಲಕ್ಷ್ಮಿದೇವಮ್ಮ ನಿನ್ನ ಕಾಲ ಹತ್ತಿರ ಉಗಿದಳು. ಹೆತ್ತವಳ ಮೇಲೆ ಹಾಕಿದವಳು ಎಂದು.

ನಿನ್ನ ಮೇಲೆ ನನಗೆ ದ್ವೇಷವಿಲ್ಲ. ನೀನು ನಿಜ ಹೇಳಿ ನನ್ನನ್ನು ಕೊಟ್ಟಿಗೆಗೆ ಹಾಕಿದೆ, ನಾನು ಸುಳ್ಳು ಹೇಳಿ ನನ್ನ ಒಲೆಯ ಮುಂದೆ ಬಂದೆ. ನಿನಗೆ ಇಪ್ಪತ್ತೊಂದು, ಎಲ್ಲಿ ಹಾಕಿದರೂ ಚಿಗುರುತ್ತೀಯ. ನನಗೆ ಇನ್ನೊಂದು ಊರು ಇರಲಿಲ್ಲ. ಇದನ್ನು ನೀನು ಒಪ್ಪಬೇಕಾಗಿಲ್ಲ. ಹುರಿಗಾಳನ್ನು ನೀನು ಮುಟ್ಟದೆ ಹೋದೆ, ಲಕ್ಷ್ಮಿದೇವಮ್ಮ ತಿಂದಳು.

ಈಗ ಕೇಳುವುದು. ನಿನ್ನ ಜಾಗಕ್ಕೆ ನನ್ನನ್ನು ಕೂರಿಸಿದ್ದಾರೆ. ಜೋಲು ತಂತಿಗಳನ್ನೆಲ್ಲ ಇನ್ನು ನಾನೇ ಅಳೆದು ಕತ್ತರಿಸಿ ಬಿಡಬೇಕು, ಮಿಕ್ಕವರು ನನ್ನನ್ನು ನೋಡಿ ಸುತ್ತುತ್ತಾರೆ. ನೀನು ಸುತ್ತಿದ ಹಲಗೆಗಳೆಲ್ಲ ಬೆಂಗಳೂರಿಗೆ ಹೋದವು, ನೋಡಿಕೊಳ್ಳಲು ಮಾದರಿಯಿಲ್ಲ. ಅಳತೆಯ ಹಾಳೆ ಇಂಗ್ಲಿಷಿನಲ್ಲಿದೆ. ಯಾವ ಕಾರ್ಡಿಗೆ ಎಷ್ಟು ಎಂದು ಯಾರನ್ನೂ ಕೇಳುವಂತಿಲ್ಲ. ಮಗಳು ತಪ್ಪು ಹೇಳಿಕೊಟ್ಟಳು, ಇಲ್ಲದಿದ್ದರೆ ನನಗೆ ಗೊತ್ತಿತ್ತು ಎಂದಲ್ಲವೇ ನಾನು ಅಂದದ್ದು. ಈಗ ಕೇಳಿದರೆ ಆ ಸುಳ್ಳು ಬಯಲಾಗುತ್ತದೆ. ಒಂದು ಸಲ ತಪ್ಪಿದರೆ ಮತ್ತೆ ಕೊಟ್ಟಿಗೆ.

ನಾಲ್ಕು ಸಾಲು ಬರೆದು ಹಾಕು. ನೀನು ತಪ್ಪು ಅಳತೆ ಬರೆಯುವವಳಲ್ಲ ಎಂದು ನನಗೆ ಗೊತ್ತು. ಅದೊಂದು ಧೈರ್ಯದ ಮೇಲೆ ಕೇಳುತ್ತಿದ್ದೇನೆ.

ಅವ್ವ


ಚಿಕ್ಕನಾಯಕನಹಳ್ಳಿ
17-8-1987

ಶ್ರೀಮತಿ ಸಿದ್ದಗಂಗಮ್ಮನವರಿಗೆ,

ನಿಮ್ಮ ಕಾಗದ ತಲುಪಿತು. ಕೇಳಿದ ಅಳತೆ ಕೆಳಗಿದೆ.

ಎಡಗಡೆಯಿಂದ ಮೊದಲನೆಯ ಕಾರ್ಡಿಗೆ ಎರಡು ಗೇಣು ಜೋಲು. ಎರಡನೆಯದಕ್ಕೆ ಒಂದೂವರೆ ಗೇಣು. ಮೂರನೆಯದಕ್ಕೆ ಒಂದು ಗೇಣಿನಲ್ಲಿ ಎರಡು ಬೆರಳು ಕಡಿಮೆ. ಕೊನೆಯದಕ್ಕೆ ಜೋಲು ಬಿಡಬಾರದು. ಗೇಣು ಎಂದರೆ ನಿಮ್ಮ ಗೇಣು, ನನ್ನದು ಗಿಡ್ಡ. ನೀವು ಹಗ್ಗ ಅಳೆಯುವಾಗ ಹೆಬ್ಬೆರಳು ಎಲ್ಲಿಗೆ ಬರುತ್ತಿತ್ತು ಎಂದು ನನಗೆ ಗೊತ್ತಿದೆ, ಅದನ್ನು ಇಲ್ಲಿ ಕಡ್ಡಿಯ ಮೇಲೆ ಗುರುತು ಹಾಕಿಕೊಂಡು ಸ್ಕೇಲಿನಲ್ಲಿ ನೋಡಿ ಬರೆದಿದ್ದೇನೆ. ಜೋಲನ್ನು ಮಡಿಸಿ ಕಟ್ಟಬೇಡಿ, ಅಗಲವಾಗಿ ಬಳಸಿ ಬಿಡಿ. ಸುತ್ತಿ ಮುಗಿದ ಮೇಲೆ ಕೈ ತಾನಾಗಿ ಎಳೆಯಲು ಹೋಗುತ್ತದೆ. ಎಳೆಯಲು ಬಿಡಬೇಡಿ.

ಈ ಅಳತೆ ಸರಿಯಾಗಿದೆ.

ಇನ್ನೊಂದು ವಿಷಯ. ಚಿಪ್‌ಗಳ ಸಂಗತಿಯನ್ನು ಬೆಂಗಳೂರಿನ ಸಂಸ್ಥೆಗೆ ಬರೆದು ಇವತ್ತೇ ಇದರ ಜೊತೆಗೇ ಟಪಾಲಿಗೆ ಹಾಕುತ್ತಿದ್ದೇನೆ. ನಂಬರುಗಳನ್ನೂ ಬರೆದಿದ್ದೇನೆ. ಬಂದರೆ ಮಧ್ಯಾಹ್ನವೇ ಬನ್ನಿ, ಬಿಸಿಲು ಏರಿದ ಮೇಲೆ ಯಂತ್ರ ಹಾಕಿಸಿ ನೋಡಿ ಎಂದು ಕೇಳಿಕೊಂಡಿದ್ದೇನೆ. ಅವರು ಬಂದು ನೋಡಿದರೆ ಶೆಡ್ ಮುಚ್ಚುತ್ತದೆ. ಲಕ್ಷ್ಮಿದೇವಮ್ಮನ ಕೆಲಸವೂ ಹೋಗುತ್ತದೆ, ನಿಮ್ಮದೂ ಹೋಗುತ್ತದೆ. ಸೇಡಿಗೆ ಬರೆದದ್ದಲ್ಲ ಎಂದು ಇಲ್ಲಿ ಬರೆಯಲು ಹೋದೆ. ಅದು ಪೂರ್ತಿ ನಿಜವೋ ಅಲ್ಲವೋ ನನಗೇ ಗೊತ್ತಿಲ್ಲ, ಆದ್ದರಿಂದ ಬರೆದಿಲ್ಲ.

ಬೆಂಗಳೂರಿನವರು ಬಂದ ದಿನ ತಪ್ಪು ಯಾರದು ಎಂದು ಒಂದೊಂದು ಸಾಲನ್ನೂ ಮಗುಚಿ ನೋಡುತ್ತಾರೆ. ನಿಮ್ಮ ಸಾಲಿನಲ್ಲಿ ಏನೂ ಸಿಗಬಾರದು. ಅದಕ್ಕೇ ಅಳತೆ ಬರೆದೆ.

ಇಂತಿ
ಗಿರಿಜಾಂಬಿಕಾ